ಏಳನೆಯ ಗುಂಡಿಯ ಕಚ್ಚಾ ಪುಸ್ತಕ

ಜನವರಿ ೮, ಸೋಮವಾರ

ಉತ್ಖನನದ ದಾಖಲೆ ಕೊಠಡಿಯಲ್ಲಿ ಇಂದಿಗೆ ಒಂದು ತಿಂಗಳು ತುಂಬಿತು. ಮೂವತ್ತನಾಲ್ಕು ವರ್ಷ ಪಾಠ ಹೇಳಿ, ಆರು ವರ್ಷ ಮನೆಯಲ್ಲಿ ಕುಳಿತವಳಿಗೆ ಮತ್ತೆ ಒಂದು ಮೇಜು, ಒಂದು ಕುರ್ಚಿ, ಒಂದು ಬೀಗದ ಕೈ ದೊರೆತಿವೆ. ಬೀಗದ ಕೈ ಇಲ್ಲದ ಕೆಲಸವನ್ನು ನಾನು ಕೆಲಸವೆಂದು ಎಣಿಸುವುದಿಲ್ಲ.

ಎರಡು ಸಾವಿರ ವರ್ಷಗಳ ಹಿಂದೆ ಇಲ್ಲಿ ಹಡಗುಗಳು ತಂಗುತ್ತಿದ್ದವು. ಈಗ ಸಮುದ್ರ ನಾಲ್ಕು ಮೈಲಿ ಆಚೆಗೆ ಸರಿದಿದೆ. ನದಿ ಹೂಳು ತುಂಬಿಕೊಂಡು ದಿಕ್ಕು ಬದಲಿಸಿದೆ. ಉಳಿದಿರುವುದು ಜೌಗು ಬಯಲು, ಅದರಲ್ಲಿ ತೋಡಿದ ಏಳು ಚೌಕ ಗುಂಡಿಗಳು, ಎರಡು ಪಂಪುಗಳು, ತಗಡಿನ ಮೂರು ಕೊಠಡಿಗಳು. ತಮ್ಮನಿಗೆ ಇದೊಂದು ತಮಾಷೆ. ಹೊಸ ಬಂದರಿನಲ್ಲಿ ಮೂಟೆ ಹೊತ್ತೇ ಎದೆಗೂಡು ಹಾಳುಮಾಡಿಕೊಂಡವನು ಅವನು.

"ಹಡಗೇ ಬರದ ಬಂದರಲ್ಲಿ ಕೆಲಸ ಸಿಕ್ಕಿದ್ದು ಇಡೀ ಊರಿಗೆ ನಿನಗೊಬ್ಬಳಿಗೇ ಕಣಕ್ಕಾ. ಹೋಗು ಹೋಗು, ಎರಡು ಸಾವಿರ ವರ್ಷ ತಡ ಆಗಿದೆ, ಹಾಜರಿ ಹಾಕ್ತಾರೋ ಇಲ್ವೋ" ಎನ್ನುತ್ತಾನೆ.

ಇಲ್ಲಿನ ಪದ್ಧತಿಯನ್ನು ನಾನೇ ರೂಪಿಸಿದೆ. ಪ್ರತಿ ಗುಂಡಿಯ ಮುಖ್ಯಸ್ಥ ಸಂಜೆ ತನ್ನ ಕಚ್ಚಾ ಪುಸ್ತಕದಲ್ಲಿ ಸ್ವಂತ ಕೈಯಿಂದ ನಾಲ್ಕು ಅಂಕಣ ತುಂಬಬೇಕು: ಆಳ, ಮಣ್ಣಿನ ಬಣ್ಣ, ದೊರೆತ ವಸ್ತು, ಷರಾ. ಅವರು ಮನೆಗೆ ಹೋದ ಮೇಲೆ ನಾನು ಕೆಂಪು ಶಾಯಿಯಲ್ಲಿ ತಿದ್ದಿ ಶುದ್ಧಪ್ರತಿಗೆ ಇಳಿಸುತ್ತೇನೆ. ನಿರ್ದೇಶಕರು ಬೆಳಗ್ಗೆ ಎಂಟಕ್ಕೆ ಶುದ್ಧಪ್ರತಿಯನ್ನು ಮಾತ್ರ ಓದಿ ಆ ದಿನದ ಆದೇಶ ಕೊಡುತ್ತಾರೆ. ತಿಂಗಳು ಮುಗಿದ ಮೇಲೆ ಕಚ್ಚಾ ಪುಸ್ತಕಗಳು ಚಹಾದವನ ಒಲೆಗೆ. ಬೇಡದ ಸಾಲನ್ನು ನಾನು ಗೀಚುವುದಿಲ್ಲ. ಅಡಿಪಟ್ಟಿ ಇಟ್ಟು ಒಂದೇ ಗೆರೆ ಎಳೆಯುತ್ತೇನೆ. ತಪ್ಪನ್ನು ತೆಗೆಯುವಾಗಲೂ ಒಂದು ಮರ್ಯಾದೆ ಇರಬೇಕು.

ಜನವರಿ ೧೧, ಗುರುವಾರ

ಏಳನೆಯ ಗುಂಡಿಯ ಮುಖ್ಯಸ್ಥ ನನ್ನ ಹಳೆಯ ವಿದ್ಯಾರ್ಥಿ. ಐದನೆಯ ತರಗತಿಯಲ್ಲಿ ನಾನೇ ನಪಾಸು ಮಾಡಿದವನು. ಈಗ ವಯಸ್ಸು ನಲವತ್ತೆಂಟು. ಗಾರೆ ಕೆಲಸದ ಕರಣೆಯೊಂದನ್ನು ಸದಾ ಸೊಂಟಕ್ಕೆ ಸಿಕ್ಕಿಸಿಕೊಂಡಿರುವುದರಿಂದ ಎಲ್ಲರಿಗೂ ಅವನು ಕರಣೆ. ಅದರ ತುದಿಯಿಂದ ಮಣ್ಣನ್ನು ಮುಟ್ಟಿಯೇ ಒಂದು ಸ್ತರ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ತೊಡಗಿತು ಎಂದು ಹೇಳುತ್ತಾನೆ. ನಿರ್ದೇಶಕರೂ ಅವನ ಮಾತನ್ನು ಮೀರುವುದಿಲ್ಲ.

ನಿನ್ನೆ ಷರಾದಲ್ಲಿ 'ಮಣ್ಣು ಹುಳಿ ವಾಸನೆ, ಇಲ್ಲಿ ಹಿಂದೆ ನೀರು ನಿಂತು ಕೊಳೆತಿದೆ ಅನಿಸುತ್ತದೆ' ಎಂದು ಬರೆದಿದ್ದ. ಹೊಡೆದುಹಾಕಿದ್ದೆ. ಇಂದು ಸಂಜೆ ಪುಸ್ತಕ ತೆರೆದವನು ಗೆರೆ ನೋಡಿ ನಕ್ಕ.

"ಟೀಚರ್, ನಲವತ್ತು ವರ್ಷ ಆಗ್ತಾ ಬಂತು, ನಿಮ್ಮ ಕೆಂಪು ಶಾಯಿ ಇನ್ನೂ ಮುಗಿದಿಲ್ವಲ್ಲ!"

"ಷರಾ ಇರುವುದು ಕಂಡದ್ದಕ್ಕೆ. ಅನಿಸಿದ್ದಕ್ಕಲ್ಲ."

"ಅನಿಸಿದ್ದನ್ನ ಎಲ್ಲಿ ಬರೀಲಿ ಹಾಗಾದ್ರೆ?"

"ಬರೆಯಬೇಡ. ಅಳೆಯಲು ಬಂದದ್ದನ್ನು ಬರೆ. ಬರೆದದ್ದು ಉಳಿಯುತ್ತದೆ, ನೆನಪಿರಲಿ."

"ಅದೊಂದು ನೆನಪಿದೆ ಟೀಚರ್. ಕಿವಿ ಹಿಂಡಿ ಹೇಳಿದ್ರಲ್ಲ, ಈ ಎಡಗಿವಿ ಈಗ್ಲೂ ಬಿಸಿ" ಎಂದು ಕಿವಿ ಮುಟ್ಟಿಕೊಂಡ. ಪಕ್ಕದಲ್ಲಿ ಬೋಕಿಬಿಲ್ಲೆ ತೊಳೆಯುತ್ತಿದ್ದ ಅವನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಮಡಕೆಯ ಚೂರುಗಳನ್ನು ಬ್ರಷ್ಷಿನಿಂದ ತೊಳೆದು ಒಣಗಿಸುವುದು ಅವಳ ಕೆಲಸ. ಓದು ಬರಹ ತಿಳಿಯದು. ಆದರೆ ಒಂದೇ ಮಡಕೆಯ ಎರಡು ಚೂರು ಬೇರೆ ಬೇರೆ ಬುಟ್ಟಿಯಲ್ಲಿದ್ದರೂ ಕಂಡುಹಿಡಿಯುತ್ತಾಳೆ.

ಅವನ ಅಕ್ಷರ ಮಾತ್ರ ದುಂಡಗಿದೆ. ಅದು ನನ್ನ ಕೈಯ ಫಲ.

ಜನವರಿ ೨೨, ಸೋಮವಾರ

ಮೂರನೆಯ ಗುಂಡಿಯ ಮುಖ್ಯಸ್ಥ ಷರಾದಲ್ಲಿ 'ಮೂಡಣ ಗೋಡೆಯಲ್ಲಿ ಬಿರುಕು. ಉದ್ದ ಎರಡು ಅಡಿ, ಅಗಲ ಕಾಲು ಅಂಗುಲ' ಎಂದು ಬರೆದಿದ್ದ. ಹಾಗೆಯೇ ಶುದ್ಧಪ್ರತಿಗೆ ಇಳಿಸಿದೆ. ಬೆಳಗ್ಗೆ ಎಂಟಕ್ಕೆ ನಿರ್ದೇಶಕರು ಓದಿದರು. ಒಂಬತ್ತಕ್ಕೆ ಕೆಲಸ ನಿಂತಿತು. ಹನ್ನೊಂದರ ಹೊತ್ತಿಗೆ ಗೋಡೆಗೆ ಹಲಗೆ ಮತ್ತು ಆಸರೆಗಂಬ ಕೊಟ್ಟಾಗಿತ್ತು. ಪದ್ಧತಿ ಎಂದರೆ ಹೀಗೆ. ಒಂದು ಸಾಲು, ಒಂದು ಅಳತೆ, ಒಂದು ಆದೇಶ.

ಮನೆಯಲ್ಲಿ ಕಿಟಕಿಯ ಕದ ಗಾಳಿಗೆ ಬಡಿದುಕೊಳ್ಳುತ್ತಿದೆ. ಅಡ್ಡ ಕೊಡಲು ತಮ್ಮ ನನ್ನ ಅಡಿಪಟ್ಟಿ ಕೇಳಿದ. ಅಳೆಯುವ ವಸ್ತುವಿನಿಂದ ಬೇರೆ ಚಾಕರಿ ಮಾಡಿಸಬಾರದು ಎಂದೆ. "ಸರಿ ಬಿಡು, ಚಿತ್ರಗುಪ್ತನಿಗೂ ಇಷ್ಟು ನಿಯಮ ಇರಲಿಕ್ಕಿಲ್ಲ" ಎಂದು ಗೊಣಗಿ ಕಾಗದ ಮಡಚಿ ಸಿಕ್ಕಿಸಿದ. ಕಾಗದ ನಿಲ್ಲಲಿಲ್ಲ.

ಫೆಬ್ರವರಿ ೨, ಶುಕ್ರವಾರ

ಏಳನೆಯ ಗುಂಡಿಯಲ್ಲಿ, ಹನ್ನೊಂದು ಅಡಿ ಆಳದಲ್ಲಿ, ಕಟ್ಟೆ ಸಿಕ್ಕಿತು. ಸುಟ್ಟ ಇಟ್ಟಿಗೆಯ ಹದಿನಾಲ್ಕು ಸಾಲು, ಅದರ ಪಕ್ಕದಲ್ಲಿ ಕೆಸರಿನಲ್ಲಿ ನಿಂತೇ ಇರುವ ಮರದ ಗೂಟ. ಹಡಗಿನ ಹಗ್ಗ ಉಜ್ಜಿ ಉಜ್ಜಿ ಗೂಟದ ಕೊರಳು ಸವೆದಿದೆ. ಇಷ್ಟು ವರ್ಷ ಮಕ್ಕಳಿಗೆ 'ದೂರದೇಶಗಳೊಡನೆ ವ್ಯಾಪಾರ ನಡೆಯುತ್ತಿತ್ತು' ಎಂಬ ಒಂದು ವಾಕ್ಯವನ್ನು ಉರುಹೊಡೆಸಿದೆ. ಆ ವಾಕ್ಯದೊಳಗೆ ಹೀಗೊಂದು ಸವೆದ ಕೊರಳು ಇತ್ತೆಂದು ಗೊತ್ತಿರಲಿಲ್ಲ. (ಈ ಸಾಲು ಅನಗತ್ಯ.)

ಬುಧವಾರ ಛಾಯಾಚಿತ್ರ ತೆಗೆಯುವವರು ಬರುತ್ತಾರೆ. ಗುಂಡಿಯ ಗೋಡೆಗಳನ್ನು ಕರಣೆ ಅಡಿಯಿಂದ ಮುಡಿಯವರೆಗೆ ನೇರವಾಗಿ ಕೆತ್ತಿದ್ದಾನೆ. ಸ್ತರಗಳು ಗೆರೆ ಹಾಕಿದ ಪುಸ್ತಕದಂತೆ ಕಾಣುತ್ತವೆ. ಪಂಪು ಹಗಲಿಡೀ ಓಡುತ್ತಿದೆ.

ಫೆಬ್ರವರಿ ೫, ಸೋಮವಾರ

ಏಳನೆಯ ಗುಂಡಿಯ ಷರಾ: 'ಪಡುವಣ ಗೋಡೆ ಬೆವರುತ್ತಿದೆ. ನನಗೆ ಹೆದರಿಕೆ.'

ಹೊಡೆದುಹಾಕಿದೆ. ಬೆವರುವುದು ಮನುಷ್ಯ, ಗೋಡೆಯಲ್ಲ. ಹೆದರಿಕೆಗೆ ಅಳತೆ ಇಲ್ಲ. ಎಷ್ಟು ಸಲ ಹೇಳಬೇಕು? ನಾಳೆ ಕರೆದು ಕೇಳುತ್ತೇನೆ. ಉಳಿದ ಅಂಕಣಗಳು ಅಚ್ಚುಕಟ್ಟು. ಶುದ್ಧಪ್ರತಿ ಆರೂ ಹತ್ತಕ್ಕೆ ಮುಗಿಯಿತು.

ಫೆಬ್ರವರಿ ೬, ಮಂಗಳವಾರ

ಬೆಳಗ್ಗೆ ಹತ್ತೂಕಾಲಕ್ಕೆ ಏಳನೆಯ ಗುಂಡಿಯ ಪಡುವಣ ಗೋಡೆ ಕುಸಿಯಿತು. ಕೆಳಗೆ ಕರಣೆ ಒಬ್ಬನೇ ಇದ್ದ. ಉಳಿದ ಇಬ್ಬರನ್ನು ಬುಟ್ಟಿ ತರಲೆಂದು ಅವನೇ ಮೇಲೆ ಕಳುಹಿಸಿದ್ದನಂತೆ.

ಮಣ್ಣು ತೆಗೆಯಲು ಐವತ್ತು ನಿಮಿಷ ಹಿಡಿಯಿತು.

ಎಷ್ಟು ಆಳದಲ್ಲಿದ್ದ ಎಂದು ಯಾರೋ ಕೇಳಿದರು. ದಾಖಲೆಗೆಂದು ತಿಳಿದು ಹನ್ನೊಂದು ಅಡಿ ಎಂದೆ. ಕೇಳಿದವರು ವೈದ್ಯರು.

ಫೆಬ್ರವರಿ ೮, ಗುರುವಾರ

ಕುಸಿದ ಮಣ್ಣನ್ನು ಜರಡಿ ಹಿಡಿದರು. ಎಲ್ಲ ಸ್ತರಗಳೂ ಬೆರೆತುಹೋದ ಮಣ್ಣು. ಅದರಲ್ಲಿ ಸಿಕ್ಕ ವಸ್ತುಗಳಿಗೆ ಕಾಲ ಹೇಳಲಾಗದು. ಮಣಿ ಹದಿನೇಳು. ಜಾಡಿಯ ಹಿಡಿ ಎರಡು. ಕರಣೆಯೂ ಒಂದು ಸಿಕ್ಕಿತು. ಅಭ್ಯಾಸಬಲದಿಂದ ಚೀಟಿ ಬರೆಯತೊಡಗಿದೆ: 'ಕರಣೆ, ಕಬ್ಬಿಣ, ಮರದ ಹಿಡಿ. ಸ್ತರ:'

ಅಲ್ಲಿಗೆ ನಿಲ್ಲಿಸಿದೆ.

ಫೆಬ್ರವರಿ ೯, ಶುಕ್ರವಾರ

ತಮ್ಮ ಮೂರು ದಿನಗಳಿಂದ ತಮಾಷೆ ಮಾಡಿಲ್ಲ. ಊಟದ ಹೊತ್ತಿನಲ್ಲಿ ಕೇಳಿದ:

"ಗೋಡೆ ಬೀಳೋ ಮುಂಚೆ ಸುಳಿವು ಕೊಡುತ್ತೆ ಅಕ್ಕ. ಹಡಗಿನ ಒಳಗೆ ಮರಳು ರಾಶಿ ಜಾರೋ ಮುಂಚೆ ಮೊದ್ಲು ಮೈ ಒದ್ದೆ ಆಗುತ್ತೆ. ನಾವು ಅದನ್ನ ಬೆವರೋದು ಅಂತಿದ್ವಿ. ಬೆವರಿತು ಅಂದ್ರೆ ಸಾಕು, ಕೆಲಸ ಬಿಟ್ಟು ಓಡ್ತಿದ್ವಿ. ಅವನಿಗೆ ಗೊತ್ತಾಗ್ಲಿಲ್ವಾ?"

ಅನ್ನ ಆರಿಹೋಗುತ್ತಿದೆ, ಉಣ್ಣು ಎಂದೆ.

ಫೆಬ್ರವರಿ ೧೩, ಮಂಗಳವಾರ

ಕರಣೆಯ ಹೆಂಡತಿ ಕೆಲಸಕ್ಕೆ ಬಂದಳು. ಯಾರೂ ಕರೆದಿರಲಿಲ್ಲ, ಬಂದು ತೊಟ್ಟಿಯ ಮುಂದೆ ಕುಳಿತು ಚೂರುಗಳನ್ನು ತೊಳೆಯತೊಡಗಿದಳು. ಅವಳ ಮುಂದಿದ್ದದ್ದು ಏಳನೆಯ ಗುಂಡಿಯ ಬುಟ್ಟಿ. ಬೇರೆ ಬುಟ್ಟಿ ಕೊಡಿಸಲು ಎದ್ದೆ. ಅಷ್ಟರಲ್ಲಿ ಅವಳೇ ಬಾಗಿಲಿಗೆ ಬಂದು ನಿಂತಳು.

"ಟೀಚರ್, ಒಂದು ಮಾತು. ಜನ ಆಡ್ಕೊಳ್ತಿದ್ದಾರೆ. ಮಣಿ ಆಸೆಗೆ ಗೋಡೆ ಬುಡ ಕೊರೆದ್ರಂತೆ, ಅದಕ್ಕೇ ಬಿತ್ತಂತೆ. ಇಪ್ಪತ್ತು ವರ್ಷ ಮಣ್ಣಲ್ಲಿ ಕೆಲಸ ಮಾಡಿದವರು ಹಾಗೆ ಮಾಡ್ತಾರಾ?"

"ಜನ ನೂರು ಆಡುತ್ತಾರೆ. ತನಿಖೆ ಆಗುತ್ತದೆ."

"ಹಿಂದಿನ ದಿನ ಮನೆಗೆ ಬಂದು ಹೇಳಿದ್ರು, ಗೋಡೆ ಯಾಕೋ ಸರಿ ಇಲ್ಲ ಕಣೇ ಅಂತ. ಹಾಗಾದ್ರೆ ನಾಳೆ ಹೋಗ್ಬೇಡಿ ಅಂದೆ. ಅದಕ್ಕೆ ಅವರು, 'ಬರ್ದಿದ್ದೀನಿ. ಟೀಚರ್ ನೋಡ್ತಾರೆ, ಸಾಹೇಬ್ರಿಗೆ ಹೋಗುತ್ತೆ. ಅಪಾಯ ಇದ್ರೆ ಬೆಳಗ್ಗೆ ನಿಲ್ಲಿಸ್ತಾರೆ. ನಿಲ್ಲಿಸ್ಲಿಲ್ಲ ಅಂದ್ರೆ ಪರವಾಗಿಲ್ಲ ಅಂತ ಅರ್ಥ' ಅಂದ್ರು." ಸೆರಗಿನಿಂದ ಒದ್ದೆ ಕೈ ಒರೆಸಿಕೊಂಡಳು. "ಬರ್ದಿದ್ರಾ ಟೀಚರ್?"

ನೋಡಿ ಹೇಳುತ್ತೇನೆ ಎಂದೆ. ನೋಡಬೇಕಾಗಿರಲಿಲ್ಲ. ಕೊಠಡಿಯಲ್ಲಿರುವ ಪ್ರತಿ ಸಾಲೂ ನನಗೆ ಬಾಯಿಪಾಠ.

ಫೆಬ್ರವರಿ ೧೪, ಬುಧವಾರ

ಏನೂ ಬರೆಯುವಂಥದಿಲ್ಲ.

ಫೆಬ್ರವರಿ ೨೦, ಮಂಗಳವಾರ

ತನಿಖಾಧಿಕಾರಿ ಬಂದರು. ಶಾಂತ ಸ್ವಭಾವದ ಮನುಷ್ಯ; ಪೆನ್ನಿನ ಮುಚ್ಚಳ ಕಚ್ಚುವ ಅಭ್ಯಾಸ. ನಿರ್ದೇಶಕರು ಶುದ್ಧಪ್ರತಿಯನ್ನು ತೆರೆದಿಟ್ಟು ಹೇಳಿದರು: "ಮೂರನೇ ಗುಂಡಿ ನೋಡಿ. ಬಿರುಕು ಅಂತ ಬಂತು, ಎರಡು ಗಂಟೆಯೊಳಗೆ ಹಲಗೆ ಕೊಡಿಸಿದೆ. ಏಳನೇದರಲ್ಲಿ ಒಂದಕ್ಷರ ಇಲ್ಲ. ಇದ್ದಿದ್ರೆ ನಾನು ಅವನನ್ನ ಗುಂಡಿಗೆ ಇಳಿಸ್ತಿದ್ನಾ? ಅವನು ನನ್ನ ಬಲಗೈ ಕಣ್ರೀ." ಅವರ ಕಣ್ಣು ಕೆಂಪಾಗಿತ್ತು. ಅವರು ಸುಳ್ಳು ಹೇಳುತ್ತಿರಲಿಲ್ಲ.

ಅಧಿಕಾರಿ ನನ್ನತ್ತ ತಿರುಗಿದರು. "ಎಚ್ಚರಿಕೆ ಏನಾದ್ರೂ ದಾಖಲಾಗಿತ್ತಾ, ಟೀಚರ್?"

"ಶುದ್ಧಪ್ರತಿಯಲ್ಲಿ ಇಲ್ಲ" ಎಂದೆ.

ಅವರು ಬರೆದುಕೊಂಡರು. ಹಾಗಾದರೆ ಬುಡ ಕೊರೆದದ್ದೇ ಕಾರಣವೆಂದು ವರದಿಯಾಗುತ್ತದೆ, ಮುಂದಿನ ಸೋಮವಾರದ ನಂತರದ ಸೋಮವಾರ ಕಡತ ಮುಚ್ಚುತ್ತದೆ ಎಂದರು. ನನ್ನ ಉತ್ತರ ಅಕ್ಷರಶಃ ಸತ್ಯ. ಕೇಳಿದ್ದಕ್ಕೆ ಉತ್ತರಿಸಿದ್ದೇನೆ, ಕೇಳದ್ದಕ್ಕೆ ಉತ್ತರಿಸುವುದು ಉದ್ಧಟತನ. ಮಕ್ಕಳಿಗೂ ನಾನು ಇದನ್ನೇ ಕಲಿಸಿದ್ದು.

ಫೆಬ್ರವರಿ ೨೩, ಶುಕ್ರವಾರ

ಅವಳು ಈಗ ಏನನ್ನೂ ಕೇಳುವುದಿಲ್ಲ. ಬರುತ್ತಾಳೆ, ತೊಳೆಯುತ್ತಾಳೆ, ಹೋಗುತ್ತಾಳೆ. ಚಹಾದ ಹೊತ್ತಿನಲ್ಲಿ ಬುಟ್ಟಿ ಹೊರುವವನೊಬ್ಬ ಇನ್ನೊಬ್ಬನಿಗೆ, "ಮಣಿ ನುಂಗಿದವನ ಮನೆಯವಳು" ಎಂದ. ಅವಳಿಗೆ ಕೇಳಿಸಿತು. ಬ್ರಷ್ಷು ನಿಲ್ಲಲಿಲ್ಲ.

ಆ ಇಬ್ಬರನ್ನೂ ಕರೆದು ಗದರಿದೆ. ತರಗತಿಯಲ್ಲಿ ಗದರಿದಂತೆಯೇ ಗದರಿದೆ, ಆದರೆ ಏನು ಗದರಬೇಕೆಂದು ನಡುವೆ ಮರೆತುಹೋಯಿತು. ಇಬ್ಬರೂ ತಲೆ ತಗ್ಗಿಸಿ ನಿಂತಿದ್ದರು. ಹೋಗಿ ಎಂದೆ.

ಇಂದು ಆರೂ ಪುಸ್ತಕಗಳಲ್ಲಿ ಷರಾಗಳನ್ನು ಇದ್ದ ಹಾಗೆಯೇ ಇಳಿಸಿದೆ. 'ಕಾಲು ಜಾರುತ್ತದೆ.' 'ಪಂಪಿನ ಸದ್ದು ಬೇರೆ ಥರ ಇದೆ.' 'ಇವತ್ತು ಯಾಕೋ ಬೇಜಾರು.' ಕಣ್ಣು ನೋಯುತ್ತಿತ್ತು, ತಿದ್ದಲು ವ್ಯವಧಾನವಿರಲಿಲ್ಲ. ಅಷ್ಟೆ.

ಫೆಬ್ರವರಿ ೨೮, ಬುಧವಾರ

ಚಹಾದವನು ಬಂದ. "ತಿಂಗಳಾಯ್ತಲ್ಲ ಟೀಚರ್, ಹಳೇ ಪುಸ್ತಕ ಕೊಡಿ. ಕಟ್ಟಿಗೆ ಹಸಿ ಇದೆ, ಒಲೆ ಹತ್ತುತ್ತಿಲ್ಲ."

ಎಣಿಸಿ ಕೊಟ್ಟೆ. ಅವನೂ ಎಣಿಸಿದ. "ಆರೇ ಇದೆ!"

"ಏಳನೆಯ ಗುಂಡಿ ಆರನೆಯ ತಾರೀಖಿಗೇ ನಿಂತುಹೋಯಿತು. ಅದರ ಪುಸ್ತಕ ತುಂಬಿಲ್ಲ. ತುಂಬದ ಪುಸ್ತಕ ಸುಡುವ ಪದ್ಧತಿ ಇಲ್ಲ."

"ಹೊಸ ಪದ್ಧತಿನಾ?" ಎಂದು ಹುಬ್ಬು ಏರಿಸಿ ಹೋದ.

ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದೆ. ಕೊಠಡಿಯಲ್ಲಿ ಗೆದ್ದಲಿದೆ.

ಮಾರ್ಚ್ ೩, ಶನಿವಾರ

ತಮ್ಮ ಓದಿಬಿಟ್ಟ. ನನ್ನ ಚೀಲದಲ್ಲಿ ಔಷಧಿ ಚೀಟಿ ಹುಡುಕುತ್ತಿದ್ದನಂತೆ. ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟುಕೊಂಡು ಕುಳಿತಿದ್ದ. ಬೈಯುತ್ತಾನೆ ಎಂದುಕೊಂಡೆ, ಉತ್ತರವನ್ನೂ ಸಿದ್ಧ ಮಾಡಿಕೊಂಡೆ. ಅವನು ಬೈಯಲಿಲ್ಲ.

"ಅವನು ಬರ್ದಿದ್ದ" ಎಂದ, ಕೆಮ್ಮಿನ ನಡುವೆ.

"ಅಳತೆ ಇಲ್ಲದೆ ಬರೆದಿದ್ದ."

"ಹೂಂ."

"ಗೋಡೆ ಬೆವರುತ್ತದೆ ಎಂದರೆ ಯಾರು ಒಪ್ಪುತ್ತಾರೆ? ನಿರ್ದೇಶಕರು ನಗುತ್ತಿದ್ದರು."

"ನಗ್ತಿದ್ರೋ ಹಲಗೆ ಕೊಡಿಸ್ತಿದ್ರೋ, ಅದು ಅವರಿಗೆ ಬಿಟ್ಟಿದ್ದು. ಅವರ ತನಕ ಹೋಗ್ಲೇ ಇಲ್ವಲ್ಲ ಅಕ್ಕ." ಪುಸ್ತಕವನ್ನು ಮುಚ್ಚಿ ನನ್ನತ್ತ ತಳ್ಳಿದ. "ಒಲೆ ಇಲ್ಲೇ ಇದೆ. ಸುಡೋದಾದ್ರೆ ಸುಡು. ನಾನಂತೂ ಯಾರಿಗೂ ಹೇಳಲ್ಲ. ಬೆಂಕಿಪೆಟ್ಟಿಗೆ ಬೇಕಾ?"

ಅವನು ತಮಾಷೆ ಮಾಡುತ್ತಿದ್ದನೋ ಇಲ್ಲವೋ ತಿಳಿಯಲಿಲ್ಲ. ಅರವತ್ತು ವರ್ಷಗಳಲ್ಲಿ ಇದೇ ಮೊದಲು.

ಮಾರ್ಚ್ ೫, ಸೋಮವಾರ

ದಾಖಲೆ ಅಪೂರ್ಣವಾಗಿ ಉಳಿಯಬಾರದು ಎಂಬ ಒಂದೇ ಕಾರಣಕ್ಕೆ ಪುಸ್ತಕವನ್ನು ತನಿಖೆಗೆ ಒಪ್ಪಿಸಿದೆ. ಬೇರೆ ಅರ್ಥ ಕಟ್ಟುವ ಅಗತ್ಯವಿಲ್ಲ.

ನಿರ್ದೇಶಕರ ಕೊಠಡಿಯಲ್ಲಿ ನಾಲ್ವರಿದ್ದೆವು: ಅಧಿಕಾರಿ, ನಿರ್ದೇಶಕರು, ನಾನು, ವರದಿ ಕೇಳಿಸಿಕೊಳ್ಳಲು ಕರೆಸಿದ್ದ ಕರಣೆಯ ಹೆಂಡತಿ. ಅಧಿಕಾರಿ ಫೆಬ್ರವರಿ ಐದರ ಪುಟವನ್ನು ಎರಡು ಸಲ ಓದಿದರು. ನಿರ್ದೇಶಕರು ಅವರ ಭುಜದ ಮೇಲಿಂದ ಓದಿದರು; ಓದಿ ಕುರ್ಚಿಗೆ ಕುಸಿದು, "ಟೀಚರ್, ಒಂದು ಮಾತು ಬಾಯಲ್ಲಾದ್ರೂ ಹೇಳಬಾರದಿತ್ತಾ?" ಎಂದರು.

"ಹೊಡೆದ ಸಾಲಿಗೆ ಬೆಲೆ ಇಲ್ಲ" ಎಂದರು ಅಧಿಕಾರಿ. "ಬರೆದವನೇ ಹಿಂದಕ್ಕೆ ತಗೊಂಡ ಅಂತ ಆಗುತ್ತೆ. ಹೊಡೆದವರು ಯಾರು ಅಂತ ಗೊತ್ತಾಗ್ಬೇಕು."

"ನಾನು."

"ಯಾವಾಗ?"

"ಅದೇ ಸಂಜೆ, ಆರು ಗಂಟೆಗೆ ಮುಂಚೆ. ಅವನು ಮನೆಗೆ ಹೋದ ಮೇಲೆ. ಅವನಿಗೆ ತಿಳಿಯದು."

"ಇದನ್ನ ಕೆಳಗೆ ಬರೆದು ಸಹಿ ಹಾಕ್ತೀರಾ? ಹಾಕಿದ್ರೆ ಅದು ನಿಮ್ಮ ಮೇಲೆ ಬರುತ್ತೆ. ಯೋಚನೆ ಮಾಡಿ."

ಬರೆದೆ. 'ಮೇಲಿನ ಸಾಲು ಏಳನೆಯ ಗುಂಡಿಯ ಮುಖ್ಯಸ್ಥ ಬರೆದದ್ದು. ಅದು ಸರಿ. ಗೆರೆ ನಾನು ಎಳೆದದ್ದು. ಅದು ತಪ್ಪು.' ಜೇಬಿನಲ್ಲಿ ಇದ್ದದ್ದು ಕೆಂಪು ಪೆನ್ನು ಒಂದೇ. ಅಧಿಕಾರಿ ತಮ್ಮ ಕಪ್ಪು ಪೆನ್ನು ಕೊಟ್ಟರು; ಅದರ ಮುಚ್ಚಳದಲ್ಲಿ ಹಲ್ಲಿನ ಗುರುತು.

ಆಗ ಅವಳು ಎದ್ದು ಬಂದಳು. "ಅವರದ್ದು ಯಾವುದು?" ಎಂದು ಕೇಳಿದಳು. ನಾನು ಸಾಲು ತೋರಿಸಿ ಓದಿ ಹೇಳಿದೆ. ಗೋಡೆ ಬೆವರುತ್ತಿದೆ. ನನಗೆ ಹೆದರಿಕೆ. ಅವಳು ಅಕ್ಷರಗಳ ಮೇಲೆ ಬೆರಳು ಇಟ್ಟು ನಿಧಾನವಾಗಿ ಸರಿಸಿದಳು, ಚೂರಿಗೆ ಚೂರು ಹೊಂದುತ್ತದೆಯೇ ಎಂದು ನೋಡುವಾಗ ಸರಿಸುವಂತೆ. ನೀರಿನಲ್ಲಿ ನೆನೆದು ಬೆರಳ ತುದಿಗಳು ಬಿಳಿಚಿಕೊಂಡಿದ್ದವು.

"ಹೆದರಿಕೆ ಅಂತ ನನ್ನ ಹತ್ರ ಹೇಳಿರ್ಲಿಲ್ಲ" ಎಂದಳು. "ನಿಮ್ಮ ಹತ್ರ ಮಾತ್ರ ಹೇಳಿದ್ದಾರೆ."

ಅವಳ ಬೆರಳು ಗೆರೆಯ ಮೇಲೆ ನಿಂತಿತು.

"ಈ ಕೆಂಪು?"

"ಅದು ನನ್ನದು."

ಬಾಗಿ ನೋಡಿದಳು. "ಎಷ್ಟು ನೇರ ಇದೆ ಟೀಚರ್" ಎಂದಳು. "ಸ್ಕೇಲು ಇಟ್ಟು ಹಾಕಿದ್ರಾ?"

ಹೌದು ಎಂದೆ.

ಮಾರ್ಚ್ ೯, ಶುಕ್ರವಾರ

ಬೀಗದ ಕೈ ಹಿಂದಿರುಗಿಸಿ ಬಂದೆ. ಯಾರೂ ಕೇಳಿರಲಿಲ್ಲ; ಬೇಡವೆಂದೂ ಯಾರೂ ಹೇಳಲಿಲ್ಲ. ವರದಿಯಲ್ಲಿ ಅವನ ಹೆಸರಿನ ಮುಂದೆ ಇದ್ದ, ಬುಡ ಕೊರೆದನೆಂಬ ಮಾತನ್ನು ತೆಗೆದಿದ್ದಾರೆ. ನನ್ನ ಮೇಲೆ ಏನು ಕ್ರಮ ಎಂಬುದು ಕಾಗದದಲ್ಲಿ ಬರುತ್ತದಂತೆ.

ಏಳನೆಯ ಗುಂಡಿಯನ್ನು ಮುಚ್ಚುತ್ತಿದ್ದರು. ಗೂಟದ ಸುತ್ತ ಮರಳು ಸುರಿಯುತ್ತಿದ್ದರು; ಗಾಳಿ ತಗುಲಿದರೆ ಮರ ಪುಡಿಯಾಗುತ್ತದೆ. ಸವೆದ ಕೊರಳಿನವರೆಗೆ ಬಂದಿತ್ತು. ಮುಗಿಯುವವರೆಗೆ ನಿಲ್ಲಲಿಲ್ಲ. ಅವಳು ತೊಟ್ಟಿಯ ಮುಂದೆ ಕುಳಿತಿದ್ದಳು. ತಲೆ ಎತ್ತಿ ನೋಡಿ ಮತ್ತೆ ಬಗ್ಗಿದಳು.

ಕರಣೆಯ ಚೀಟಿಯನ್ನು ಪೂರ್ತಿ ಮಾಡದೆಯೇ ಬಂದಿದ್ದೇನೆಂದು ದಾರಿಯಲ್ಲಿ ನೆನಪಾಯಿತು. ಯಾರು ಬರೆಯುತ್ತಾರೋ. ಏನೆಂದು ಬರೆಯುತ್ತಾರೋ.

ಗಾಳಿ ಜೋರಾಗಿದೆ. ಕಿಟಕಿಯ ಕದಕ್ಕೆ ಅಡ್ಡ ಕೊಡಲು ತಮ್ಮ ಏನಾದರೂ ಇದೆಯಾ ಎಂದು ಕೇಳಿದ. ಅಡಿಪಟ್ಟಿ ಕೊಟ್ಟೆ. ಅವನು ನನ್ನ ಮುಖ ನೋಡಿದ, ಕದದ ಸಂದಿಗೆ ಸಿಕ್ಕಿಸಿದ.

ನಿಂತಿದೆ.